ಮಾಂಟ್ರಿಯಲ್‌ನ ಚಳಿಗಾಲಕ್ಕೆ ಹಳೆಯ ಕ್ಯಾಮ್ರಿಯನ್ನು ಸಜ್ಜುಗೊಳಿಸುವುದು

ಕೆನಡಾದ ಮಾಂಟ್ರಿಯಲ್‌ನಲ್ಲಿ ಹತ್ತು ವರ್ಷ ಓಡಿದ ಟೊಯೋಟಾ ಕ್ಯಾಮ್ರಿಯನ್ನು ಕೊಳ್ಳುವವರು ಎಂಜಿನ್ನಿನ ಸದ್ದನ್ನು ಆಲಿಸುವುದಕ್ಕೂ ಮೊದಲು ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ ಅದರ ತಳವನ್ನು ನೋಡಬೇಕು. ರಸ್ತೆಯ ಮಂಜುಗಡ್ಡೆಯನ್ನು ಕರಗಿಸಲು ಚೆಲ್ಲುವ ಉಪ್ಪು ಸಬ್‌ಫ್ರೇಮ್ (ಎಂಜಿನ್ನನ್ನು ಹೊರುವ ತಳದ ಚೌಕಟ್ಟು), ಬ್ರೇಕ್ ಕೊಳವೆಗಳು ಮತ್ತು ಬಾಗಿಲ ಕೆಳಗಿನ ಅಂಚುಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ಮೇಲ್ಮೈಯ ತುಕ್ಕನ್ನು ಸಹಿಸಬಹುದು, ಆದರೆ ಸ್ಕ್ರೂಡ್ರೈವರ್ ಒತ್ತಿದಾಗ ಲೋಹವೇ ಕುಸಿಯುವಂತಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ, ಆ ಕಾರನ್ನು ಬಿಟ್ಟುಬಿಡುವುದೇ ಲೇಸು.

ಕೊಂಡ ಮೇಲೆ ಪ್ರತಿ ಶರತ್ಕಾಲದಲ್ಲಿ ತಳಕ್ಕೆ ತುಕ್ಕುನಿರೋಧಕ ಎಣ್ಣೆ ಸಿಂಪಡಿಸಿ, ಚಳಿಗಾಲದುದ್ದಕ್ಕೂ ಆಗಾಗ ತೊಳೆಸಬೇಕು. ಬೆಚ್ಚನೆಯ ಗ್ಯಾರೇಜು ಕಾರಿಗೆ ಒಳ್ಳೆಯದೆಂದು ಅನೇಕರು ನಂಬುತ್ತಾರೆ. ವಾಸ್ತವದಲ್ಲಿ, ಉಪ್ಪು ಮೆತ್ತಿದ ಒದ್ದೆ ಕಾರಿನಲ್ಲಿ ತುಕ್ಕು ಹಿಡಿಯುವ ಕ್ರಿಯೆ ಆ ಬೆಚ್ಚನೆಯಲ್ಲೇ ಚುರುಕಾಗುತ್ತದೆ.

ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುವಾಗಲೇ ಗಟ್ಟಿಯಾದ ಎಣ್ಣೆ ಎಂಜಿನ್ ತಿರುಗಿಸಲು ಹೆಚ್ಚು ಬಲವನ್ನು ಬೇಡುವುದರಿಂದ, ನಾಲ್ಕೈದು ವರ್ಷ ಹಳೆಯ ಬ್ಯಾಟರಿಯನ್ನು ಅಕ್ಟೋಬರಿನಲ್ಲೇ ಪರೀಕ್ಷಿಸಿ, ಕೈಪಿಡಿ ಹೇಳುವ ತೆಳು ಸಿಂಥೆಟಿಕ್ ಎಣ್ಣೆಯನ್ನೇ ಹಾಕಿಸಬೇಕು. ಎಂಜಿನ್ ತಣಿಸುವ ದ್ರವವಾದ ಕೂಲೆಂಟು ಮತ್ತು ನೀರು ಸಮಪಾಲಿನಲ್ಲಿದ್ದರೆ ಮೈನಸ್ 35 ಡಿಗ್ರಿಯವರೆಗೂ ಹೆಪ್ಪುಗಟ್ಟುವ ಭಯವಿಲ್ಲ. ಕರ್ನಾಟಕದಲ್ಲಿ ಮಾಡುವಂತೆ ವೈಪರ್ ತೊಟ್ಟಿಗೆ ಬರಿಯ ನೀರು ತುಂಬಿದರೆ ತೊಟ್ಟಿಯೇ ಬಿರಿದೀತು.

ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ ಕಾನೂನು ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರುಗಳನ್ನು ಕಡ್ಡಾಯಗೊಳಿಸಿದೆ. ಆದರೆ ತಾಪಮಾನ 7 ಡಿಗ್ರಿಗಿಂತ ಇಳಿದೊಡನೆ ಸಾಮಾನ್ಯ ರಬ್ಬರು ಬಿಗಿದು ಹಿಡಿತ ಕಳೆದುಕೊಳ್ಳುವುದರಿಂದ ಅಷ್ಟು ದಿನ ಕಾಯಬಾರದು. ಚಳಿ ಹೆಚ್ಚಿದಂತೆ ಟೈರಿನ ಗಾಳಿಯ ಒತ್ತಡವೂ ತಗ್ಗುತ್ತದೆ. ಪ್ರತಿ ತಿಂಗಳೂ, ಕಾರು ಓಡುವ ಮೊದಲೇ, ಅದನ್ನು ಅಳೆದು ಸರಿಪಡಿಸಿಕೊಳ್ಳಬೇಕು.