ಐಸ್ ನೀರಲ್ಲಿ ಅಳೆದ ಸೂಕ್ಷ್ಮರಂಧ್ರಗಳು: ನನ್ನ ಅನುಭವ

ಕಾರ್ಬನ್ನಿನ ಸೂಕ್ಷ್ಮರಂಧ್ರಗಳನ್ನು ನಾನು ಅಳೆಯುವುದು ನೈಟ್ರೋಜನ್ ಬದಲು ಕಾರ್ಬನ್ ಡೈಆಕ್ಸೈಡ್‌ನಲ್ಲಿ. ನೈಟ್ರೋಜನ್ ಐಸೋಥರ್ಮ್ (ಒಂದೇ ಉಷ್ಣತೆಯಲ್ಲಿ ಒತ್ತಡ ಏರಿದಂತೆ ಎಷ್ಟು ಗ್ಯಾಸ್ ಹೀರಿತು ಅನ್ನುವ ಗೆರೆ) ಇಲ್ಲದ ಡೇಟಾ ಯಾರಿಗೆ ಬೇಕು ಅಂತ ನಕ್ಕವರು ಬಹಳ ಜನ. ಅವರಲ್ಲೇ ಕೆಲವರು ಈಗ ಸ್ಯಾಂಪಲ್ ಕಳಿಸಿ ‘ನಮ್ದೂ ಒಂಚೂರು ನೋಡಿ’ ಅನ್ನುತ್ತಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನನ್ನ ಕಾರ್ಬನ್ ಫೀನಾಲಿಕ್ ರೆಸಿನ್ನಿನದು, ಆಕ್ಟಿವೇಶನ್ (ರಂಧ್ರ ಬಿಡಿಸುವ ಸಂಸ್ಕರಣೆ) ಕಡಿಮೆ. ಹೊರಗೆ ಕೊಟ್ಟು 77 ಕೆಲ್ವಿನ್‌ನಲ್ಲಿ (ಸುಮಾರು -196 ಡಿಗ್ರಿ) ನೈಟ್ರೋಜನ್ ಅಳತೆ ಮಾಡಿಸಿದೆ. ಗ್ರಾಂಗೆ 20 ಚಿಲ್ಲರೆ ಚದರ ಮೀಟರ್ ಮೇಲ್ಮೈ ಬಂತು. ಇನ್ನೊಂದು ಸಲ ಕೊಟ್ಟರೆ ಅದರ ಅರ್ಧವೂ ಇಲ್ಲ. ದುಡ್ಡು ಮಾತ್ರ ಎರಡೂ ಸಲ ಪೂರ್ತಿ! ರಂಧ್ರವೇ ಇಲ್ಲ ಅಂತ ವರದಿ. ರಂಧ್ರ ಇತ್ತು. ಅಷ್ಟು ಚಳಿಯಲ್ಲಿ ನೈಟ್ರೋಜನ್ ಆ ಕಿರಿದಾದ ಬಾಯಿ ದಾಟಿ ಒಳಗೆ ಹೋಗುವುದೇ ಇಲ್ಲ, ಹೋದರೂ ಗಂಟೆಗಟ್ಟಲೆ ಹಿಡಿಯುತ್ತದೆ. ಮಷೀನು ಅಷ್ಟು ಹೊತ್ತು ಕಾಯಬೇಕಲ್ವಾ? ಒತ್ತಡ ಇಳಿಯೋದು ಕಾಣದಿದ್ದರೆ ಪಾಯಿಂಟ್ ಬರೆದುಕೊಂಡು ಮುಂದಿನ ಡೋಸ್‌ಗೆ (ಒಂದು ಸಲಕ್ಕೆ ಬಿಡುವ ಗ್ಯಾಸ್) ಹೋಗುತ್ತದೆ.

ಹಾಗಾಗಿ 273 ಕೆಲ್ವಿನ್ (ಐಸ್ ನೀರಿನ 0 ಡಿಗ್ರಿ), ಕಾರ್ಬನ್ ಡೈಆಕ್ಸೈಡ್. ಅಣುವಿನ ಗಾತ್ರದಲ್ಲಿ ವ್ಯತ್ಯಾಸ ಅಷ್ಟೇನಿಲ್ಲ, ಇದು 0.33 ನ್ಯಾನೋಮೀಟರ್, ನೈಟ್ರೋಜನ್ 0.364. ಕೆಲಸ ಮಾಡುವುದು ಮುಖ್ಯವಾಗಿ ಆ ಇನ್ನೂರು ಡಿಗ್ರಿಯ ಬಿಸಿ. 0 ಡಿಗ್ರಿಯಲ್ಲಿ ಅದರ ಸ್ಯಾಚುರೇಶನ್ ಒತ್ತಡ (ದ್ರವವಾಗುವ ಒತ್ತಡ) ಸುಮಾರು 35 ಬಾರ್. ಅಂದರೆ ಒಂದು ಅಟ್ಮಾಸ್ಫಿಯರ್‌ವರೆಗೆ ಹೋದರೂ ಸಾಪೇಕ್ಷ ಒತ್ತಡ (ಸ್ಯಾಚುರೇಶನ್ ಒತ್ತಡದ ಎಷ್ಟು ಪಾಲು) 0.03 ಮುಟ್ಟುವುದಿಲ್ಲ. ಸಣ್ಣ ರಂಧ್ರ ನೋಡಲು ಬೇಕಾದ್ದೂ ಇಷ್ಟೇ, ತೀರಾ ಕಡಿಮೆ ಒತ್ತಡಕ್ಕೆ ಇಳಿಸುವ ಟರ್ಬೋ ಪಂಪ್ ಖರ್ಚು ಉಳಿಯಿತು.

ರಿಗ್ (ಅಳೆಯುವ ಉಪಕರಣ) ನಾನೇ ಕಟ್ಟಿದ್ದು: ಗ್ಯಾಸ್ ಅಳೆದು ಬಿಡುವ ಡೋಸಿಂಗ್ ವಾಲ್ಯೂಮ್, ಸ್ಯಾಂಪಲ್ ಸೆಲ್, ನಡುವೆ ಒಂದು ವಾಲ್ವ್. ಬಜೆಟ್‌ನ ಅರ್ಧ ಒತ್ತಡ ಅಳೆಯುವ ಪ್ರೆಶರ್ ಟ್ರಾನ್ಸ್‌ಡ್ಯೂಸರ್ ತಿಂದಿತು. ಮೊದಲು ಹಾಕಿದ್ದ ಅಗ್ಗದ್ದು ಕೋಣೆಯ ಬಿಸಿ ಏರಿಳಿದಂತೆ ಝೀರೋ ಬದಲಿಸುತ್ತಿತ್ತು. ಅದನ್ನು ಬಿಸಾಕಿದೆ.

ಜಾಸ್ತಿ ಕಾಟ ಕೊಟ್ಟಿದ್ದು ಲೀಕ್. ಸೆಲ್‌ನೊಳಗೆ ಒತ್ತಡ ವಾತಾವರಣಕ್ಕಿಂತ ಕಡಿಮೆ, ಹೊರಗಿನ ಗಾಳಿ ನುಸುಳುತ್ತದೆ. ಕಾರ್ಬನ್ ನಿಧಾನಕ್ಕೆ ಗ್ಯಾಸ್ ಹೀರುತ್ತಿರುತ್ತದೆ. ಒಂದು ಏರಿಕೆ, ಒಂದು ಇಳಿಕೆ, ಎರಡೂ ಸಮ. ಸ್ಕ್ರೀನ್ ಮೇಲೆ ಗೆರೆ ಚೆನ್ನಾಗಿ ಅಡ್ಡಕ್ಕೆ ಮಲಗಿತ್ತು, ಈಕ್ವಿಲಿಬ್ರಿಯಂ (ಹೀರುವುದು ಮುಗಿದ ಸ್ಥಿತಿ) ಥರಾನೇ! ಕಾರ್ಬನ್ ಬದಲು ಗ್ಯಾಸ್ ಹೀರದ ಗ್ಲಾಸ್ ಬೀಡ್ಸ್ ತುಂಬಿ ಬ್ಲ್ಯಾಂಕ್ ಓಡಿಸಿದ ಮೇಲೇ ಕಳ್ಳ ಸಿಕ್ಕಿದ್ದು. ವಾಲ್ವ್ ಕಾಂಡದ ಹತ್ತಿರದ ಓ-ರಿಂಗ್ ಅದು. ಆ ಜಾಗಕ್ಕೆ ಈಗ ಏನು ಹಾಕಿದ್ದೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಆಮೇಲೆ 300 ಡಿಗ್ರಿಯಲ್ಲಿ ರಾತ್ರಿಯಿಡೀ ಡೀಗ್ಯಾಸ್ ಮಾಡಿ (ಒಳಗಿದ್ದ ಗ್ಯಾಸ್ ಹೊರಗೆ ಎಳೆದು) ಡೋಸ್ ಕೊಟ್ಟೆ. ಒಂದು ಬಾರ್ ಹತ್ತಿರ ಗ್ರಾಂಗೆ ಸುಮಾರು 3 ಮಿಲಿಮೋಲ್. ಹೀರಿದ ಗ್ಯಾಸ್‌ನಿಂದ ಸೂಕ್ಷ್ಮರಂಧ್ರದ ಲೆಕ್ಕ ಕೊಡುವ ಡಿಆರ್ (ಡುಬಿನಿನ್-ರಾಡುಷ್ಕೆವಿಚ್) ಪ್ಲಾಟ್ ಹಾಕಿದರೆ 600ರ ಮೇಲೆ ಚದರ ಮೀಟರ್. ರಂಧ್ರವೇ ಇಲ್ಲ ಅಂದಿದ್ದ ಕಾರ್ಬನ್ನೇ ಇದು.

ಡಿಫ್ಯೂಷನ್‌ಗೆ (ಗ್ಯಾಸ್ ಎಷ್ಟು ಬೇಗ ಒಳಗೆ ಸಾಗುತ್ತದೆ ಅನ್ನೋದಕ್ಕೆ) ಬಂದಾಗ ಶಾಖ ಮೋಸ ಮಾಡುತ್ತದೆ. ದೊಡ್ಡ ಡೋಸ್ ಕೊಟ್ಟರೆ ಕಾರ್ಬನ್ ಬಿಸಿಯಾಗುತ್ತದೆ. ಒತ್ತಡ ಇಳಿಯುವ ಕರ್ವ್‌ನ ಉದ್ದ ಬಾಲ ತಣಿಯುವುದರದ್ದು, ಡಿಫ್ಯೂಷನ್‌ದಲ್ಲ. ಸಣ್ಣ ಸ್ಟೆಪ್ ಕೊಡಿ, ಸ್ಯಾಂಪಲ್ ಕಡಿಮೆ ಹಾಕಿ. ನಾನು ತಾಮ್ರದ ಜಾಲರಿ ಮೇಲೆ ತೆಳ್ಳಗೆ ಹರಡಿದೆ.

ಜರಡಿ ಹಿಡಿದು ದಪ್ಪ ಕಾಳು, ಸಣ್ಣ ಕಾಳು ಬೇರೆ ಮಾಡಿಯೂ ನೋಡಿದೆ. ವ್ಯಾಸದಲ್ಲಿ ನಾಲ್ಕು ಪಟ್ಟು ಅಂತರ. ತಡೆ ಕಾಳಿನೊಳಗಿನ ದಾರಿಯದ್ದಾಗಿದ್ದರೆ ವೇಗ ವ್ಯಾಸದ ವರ್ಗದಷ್ಟು, ಅಂದರೆ ಹದಿನಾರು ಪಟ್ಟು ಬದಲಾಗಬೇಕು. ನನಗೆ ಎರಡು ಪಟ್ಟೂ ಸಿಗಲಿಲ್ಲ. ತಡೆ ಇರುವುದು ರಂಧ್ರದ ಬಾಯಲ್ಲೇ. ಪ್ಲಾಟ್‌ಗಳೂ ಅದನ್ನೇ ಹೇಳುತ್ತವೆ: ಸಮಯದ ವರ್ಗಮೂಲಕ್ಕೆ ಹಾಕಿದ್ದು ಡೊಂಕು, ಇನ್ನೂ ಹೀರಬೇಕಾದ ಭಾಗದ ಲಾಗ್ ಮಾತ್ರ ಸಮಯದೊಂದಿಗೆ ನೇರ.

ಸುಮ್ನೆ ಕುತೂಹಲಕ್ಕೆ ಆಕ್ಸಿಜನ್ ಮತ್ತು ನೈಟ್ರೋಜನ್ ಕೋಣೆಯ ಬಿಸಿಯಲ್ಲೂ ಹಾಕಿದೆ. ಕೊನೆಗೆ ಹೀರುವ ಪ್ರಮಾಣ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಆದರೆ ಆಕ್ಸಿಜನ್ ನಿಮಿಷಗಳಲ್ಲಿ ನಿಂತಿತು, ನೈಟ್ರೋಜನ್ ಗಂಟೆಗಳು ತಗೊಂಡಿತು, ಇಪ್ಪತ್ತೈದು ಪಟ್ಟಾದರೂ ನಿಧಾನ. ಗಾಳಿಯಿಂದ ನೈಟ್ರೋಜನ್ ಬೇರ್ಪಡಿಸುವ ಪಿಎಸ್‌ಎ (ಒತ್ತಡ ಏರಿಳಿಸಿ ಗ್ಯಾಸ್ ಬೇರ್ಪಡಿಸುವ) ಘಟಕಗಳ ಕಾರ್ಬನ್ ಸೀವ್ (ಅಣುಗಳ ಜರಡಿ) ನಡೆಯುವುದೂ ಇದೇ ವ್ಯತ್ಯಾಸದ ಮೇಲೆ. ಬೆಂಜೀನ್ ಆವಿ ಹಾಯಿಸಿ ಬಾಯಿ ಇನ್ನೂ ಕಿರಿದು ಮಾಡಬಹುದು. ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನೋದನ್ನು ಸದ್ಯ ಹೇಳಲ್ಲ.

ಡೆಡ್ ವಾಲ್ಯೂಮ್‌ (ಸೆಲ್‌ನೊಳಗಿನ ಖಾಲಿ ಜಾಗ) ಅಳೆಯಲು ಹೀಲಿಯಂ ಹಾಕುವವರು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಹಾಕಿದರೆ ಕಿರಿದಾದ ರಂಧ್ರಗಳಲ್ಲಿ ಅಷ್ಟಿಷ್ಟು ಸಿಕ್ಕಿಕೊಳ್ಳುತ್ತದೆ, ಮತ್ತೆ ಡೀಗ್ಯಾಸ್ ಮಾಡಬೇಕು. ಹೀಲಿಯಂ ಅಗ್ಗವೂ ಅಲ್ಲ. ಈಗ ಸೆಲ್‌ನಲ್ಲಿ ಮೀಥೇನ್ ಕೂತಿದೆ, 0.38 ನ್ಯಾನೋಮೀಟರ್. ಮೊದಲ ಸ್ಟೆಪ್ಪೇ ಇನ್ನೂ ಇಳಿಯುತ್ತಿದೆ.