ಕಣ್ಣಿಗೆ ಕಾಣದ ಆರು ನಟ್‌ಗಳು: ಟ್ರಕ್‌ಗೆ ಸ್ಪೇಸರ್ ಹಾಕಿದ ನನ್ನ ಅನುಭವ

ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ ಹಾಕುವ ಲೋಹದ ಬಿಲ್ಲೆಯೇ ಸ್ಪೇಸರ್. ಅದನ್ನು ಮೊದಲ ಸಲ ಹಾಕಿದಾಗ ಗಾಡಿ 80 ಕಿಲೋಮೀಟರ್ ಕೂಡ ಓಡಿರಲಿಲ್ಲ. ಮುಂದಿನ ಎಡ ಚಕ್ರದಿಂದ ಟಕ್ ಟಕ್ ಸದ್ದು ಶುರುವಾಯಿತು. ನಿಧಾನಕ್ಕೆ ತಿರುಗಿಸುವಾಗ ಜಾಸ್ತಿ ಕೇಳುತ್ತಿತ್ತು. ವೇಗ 70 ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ಚಕ್ರದ ನಟ್‌ಗಳಿಗೆ ಸ್ಪ್ಯಾನರ್ ಹಾಕಿ ನೋಡಿದೆ. ಆರೂ ಬಿಗಿಯಾಗೇ ಇದ್ದವು. ಆದರೂ ಸಮಾಧಾನ ಆಗಲಿಲ್ಲ. ಜ್ಯಾಕ್ ಕೊಟ್ಟು ಚಕ್ರ ಬಿಚ್ಚಿದೆ. ಸ್ಪೇಸರನ್ನು ಹಬ್‌ಗೆ ಹಿಡಿದಿಡುವ ಒಳಗಿನ ಆರು ನಟ್‌ಗಳಲ್ಲಿ ಮೂರು ಬೆರಳಲ್ಲೇ ತಿರುಗಿದವು.

ಚಕ್ರ ಕಳಚಿ ಹೋಗಿದ್ದರೆ ಎದುರಿಗೆ ಬರುವವರ ಗತಿ ಏನು? ಆ ಯೋಚನೆಯಿಂದಲೇ ಕೈ ನಡುಗಿತು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಸ್ಪೇಸರ್ ಯಾಕೆ ಬೇಕಾಯಿತು ಅಂದರೆ, ನನ್ನ ಪಿಕಪ್‌ನ ಮೂಲ ರಿಮ್ 7.5 ಇಂಚು ಅಗಲ, ಆಫ್‌ಸೆಟ್ (ರಿಮ್‌ನ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ಹೊರಗಿದೆ ಅನ್ನೋ ಅಳತೆ) 30 ಮಿ.ಮೀ. ಕೈಗೆ ಸಿಕ್ಕ ಬೇರೆ ರಿಮ್‌ಗಳು 8 ಇಂಚು ಅಗಲ, ಆಫ್‌ಸೆಟ್ 45. ಎರಡಕ್ಕೂ ಆರು ತೂತು, ಪಿಸಿಡಿ (ತೂತುಗಳ ನಡುಬಿಂದುಗಳ ಮೇಲೆ ಹಾಯುವ ವೃತ್ತದ ವ್ಯಾಸ) 139.7 ಮಿ.ಮೀ. ನಡುವಿನ ತೂತೂ ಒಂದೇ, 106.1 ಮಿ.ಮೀ. ಹಾಕಿದರೆ ಕೂರುತ್ತವೆ. ಆದರೆ ಎಲ್ಲಿ ಕೂರುತ್ತವೆ ಅನ್ನೋದೇ ಪ್ರಶ್ನೆ. ಅರ್ಧ ಇಂಚು ಅಗಲ ಹೆಚ್ಚಾದರೆ ಎರಡೂ ಕಡೆ 6 ಮಿ.ಮೀ. ಚಿಲ್ಲರೆ ಹಂಚಿಕೆಯಾಗುತ್ತದೆ. ಆಫ್‌ಸೆಟ್ 15 ಹೆಚ್ಚಾದರೆ ಇಡೀ ಚಕ್ರ 15 ಮಿ.ಮೀ. ಒಳಗೆ ಸರಿಯುತ್ತದೆ. ಎರಡೂ ಸೇರಿ ರಿಮ್‌ನ ಒಳ ಅಂಚು 21 ಮಿ.ಮೀ. ಒಳಗೆ ಬಂತು. ಚಕ್ರವನ್ನು ಚಾಸಿಗೆ ಜೋಡಿಸುವ ಮೇಲಿನ ತೋಳಿಗೂ (ಕಂಟ್ರೋಲ್ ಆರ್ಮ್) ಚಕ್ರಕ್ಕೂ ಮೊದಲು ಇದ್ದ ಜಾಗವೇ ಸುಮಾರು 24 ಮಿ.ಮೀ. ಉಳಿದದ್ದು 3. ಅಷ್ಟರಲ್ಲಿ ಓಡಿಸುವ ಹಾಗಿಲ್ಲ, ಅಲ್ವಾ?

25 ಮಿ.ಮೀ. ಸ್ಪೇಸರ್ ಹಾಕಿದರೆ ಆಫ್‌ಸೆಟ್ 20ಕ್ಕೆ ಇಳಿಯುತ್ತದೆ. ಒಳಗಿನ ಜಾಗ ಮೊದಲಿಗಿಂತ ಮೂರು ಮಿ.ಮೀ. ಜಾಸ್ತಿಯೇ ಸಿಗುತ್ತದೆ. ಹೊರ ಅಂಚು 16 ಮಿ.ಮೀ. ಆಚೆ ಹೋಗುತ್ತದೆ. ನನಗೆ ಬೇಕಿದ್ದದ್ದು ಇಷ್ಟೇ. ಸುಮ್ನೆ ಗಾಡಿ ಅಗಲ ಕಾಣಲಿ ಅಂತ ಇನ್ನೂ ದಪ್ಪದ್ದು ಹಾಕಬೇಡಿ. ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮೇಲಿನ ಹೊರೆ ಹೆಚ್ಚುತ್ತದೆ, ಗುಂಡಿಗೆ ಇಳಿದಾಗ ಸ್ಟೇರಿಂಗ್ ಕೈಯಿಂದ ಎಳೆಯುತ್ತದೆ.

ಸ್ಪೇಸರ್‌ನಲ್ಲಿ ಎರಡು ಬಗೆ. ಹಬ್‌ನಿಂದ ಚಾಚಿದ, ನಟ್ ಹಾಕುವ ಮೂಲ ಸ್ಟಡ್‌ಗಳಿಗೆ ಸುಮ್ನೆ ತೂರಿಸುವ ತೆಳು ಬಿಲ್ಲೆ ಒಂದು. ಹಬ್‌ಗೆ ಬಿಗಿದು, ತನ್ನದೇ ಸ್ಟಡ್‌ಗಳ ಮೇಲೆ ಚಕ್ರ ಹೊರುವುದು ಇನ್ನೊಂದು. ತೂರಿಸುವ ಬಗೆಯಲ್ಲಿ ಬಿಲ್ಲೆಯ ದಪ್ಪದಷ್ಟೂ ಮರೆ (ನಟ್ ಹಿಡಿಯುವ ಸುರುಳಿ ಗೀರು) ನಷ್ಟ. ನನ್ನದು ಎಂ12 (12 ಮಿ.ಮೀ. ದಪ್ಪ), 1.5 ಪಿಚ್ (ಒಂದು ಸುತ್ತಿಗೆ 1.5 ಮಿ.ಮೀ.) ಸ್ಟಡ್. ನಟ್ ಕನಿಷ್ಠ ಎಂಟು ಸುತ್ತು ಒಳಗೆ ಹೋಗಬೇಕು. 5 ಮಿ.ಮೀ. ಬಿಲ್ಲೆಯೇ ಮೂರು ಸುತ್ತಿಗಿಂತ ಜಾಸ್ತಿ ತಿನ್ನುತ್ತದೆ. ಹಾಗಾಗಿ ನಾನು ಎರಡನೇ ಬಗೆಯನ್ನೇ ತೆಗೆದುಕೊಂಡೆ. ಅದರಲ್ಲೂ ಹಬ್‌ನ ಅಂಚಿಗೆ ಸರಿಯಾಗಿ ಕೂರುವಂಥದ್ದು. ನಡು ಸಡಿಲವಾಗಿದ್ದರೆ ಚಕ್ರ ಕೇಂದ್ರದಲ್ಲಿ ಕೂರುವುದಿಲ್ಲ, ವೇಗದಲ್ಲಿ ಅದುರುತ್ತದೆ.

ಇಷ್ಟೆಲ್ಲ ಸರಿ ಮಾಡಿಯೂ ನಟ್ ಯಾಕೆ ಸಡಿಲವಾಯಿತು? ಬಿಚ್ಚಿದ ಸ್ಪೇಸರನ್ನು ತಿರುಗಿಸಿ ನೋಡಿದಾಗ ಉತ್ತರ ಅಲ್ಲೇ ಇತ್ತು. ಹಿಂಬದಿಯಲ್ಲಿ ಹಬ್‌ನ ತುಕ್ಕಿನ ಗುರುತು ಮುದ್ರೆ ಹಾಕಿದ ಹಾಗೆ ಬಿದ್ದಿತ್ತು. ನಾನು ಹಬ್‌ನ ಮುಖ ಉಜ್ಜದೆ, ಬಟ್ಟೆಯಲ್ಲಿ ಒರೆಸಿ ಬಿಗಿದುಬಿಟ್ಟಿದ್ದೆ. ನಟ್ ಬಿಗಿಯಾದದ್ದು ತುಕ್ಕಿನ ಪದರದ ಮೇಲೆ. ಓಡುತ್ತಾ ಆ ಪದರ ಪುಡಿಯಾಯಿತು. ಪುಡಿಯಾದಷ್ಟು ಜಾಗ ನಟ್‌ನ ಹಿಡಿತದಿಂದ ಹೋಯಿತು.

ಚಕ್ರದ ಭಾರವನ್ನು ಸ್ಟಡ್‌ಗಳು ಹೊರುತ್ತವೆ ಅಂತ ನಾನೂ ಅಂದುಕೊಂಡಿದ್ದೆ. ನಿಜಕ್ಕೂ ಅದನ್ನು ಹೊರುವುದು ಒಂದಕ್ಕೊಂದು ಒತ್ತಿಕೊಂಡ ಎರಡು ಲೋಹದ ಮುಖಗಳ ನಡುವಿನ ಘರ್ಷಣೆ. ಸ್ಟಡ್‌ನ ಕೆಲಸ ಆ ಮುಖಗಳನ್ನು ಒತ್ತಿ ಹಿಡಿಯುವುದು. 110 ನ್ಯೂಟನ್ ಮೀಟರ್ ತಿರುಚು ಬಲಕ್ಕೆ (ಟಾರ್ಕ್) ಬಿಗಿದ ಒಂದು ಎಂ12 ನಟ್ 4 ಟನ್‌ಗೂ ಜಾಸ್ತಿ ಒತ್ತಡ ಕೊಡುತ್ತದೆ. ಒತ್ತಡ ಕಡಿಮೆಯಾದರೆ ಸ್ಪೇಸರ್ ಒಂದು ಕೂದಲೆಳೆಯಷ್ಟು ಜಾರುತ್ತದೆ. ಜಾರಿದ ಪ್ರತಿ ಸಲವೂ ಸ್ಟಡ್ ಬಾಗುತ್ತದೆ, ನಟ್ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ.

ಆ ಸ್ಪೇಸರ್‌ನ ತೂತುಗಳು ಆಗಲೇ ಉದ್ದಕ್ಕೆ ಸವೆದಿದ್ದವು. ಅದನ್ನು ಎಸೆದೆ. ಹಬ್‌ನ ಆರೂ ಸ್ಟಡ್‌ಗಳನ್ನು ಹೊಸದು ಮಾಡಿಸಿದೆ. ಮೂರೇ ಸಡಿಲವಾಗಿದ್ದರೂ ಆರೂ ಏಟು ತಿಂದಿರುತ್ತವೆ. ಇಲ್ಲಿ ಉಳಿತಾಯ ನೋಡಬಾರದು.

ಎರಡನೇ ಸಲ ಅರ್ಧ ದಿನ ಬರೀ ಉಜ್ಜುವುದಕ್ಕೇ ಹೋಯಿತು. ವೈರ್ ಬ್ರಷ್‌ನಲ್ಲಿ ಹಬ್‌ನ ಮುಖ ಹೊಳೆಯುವ ತನಕ ಉಜ್ಜಿದೆ. ಸ್ಟಡ್‌ಗಳ ಬುಡದಲ್ಲಿ ಬ್ರಷ್ ಹೋಗುವುದಿಲ್ಲ, ಅಲ್ಲೇ ತುಕ್ಕು ಜಾಸ್ತಿ. ಅಲ್ಲಿಗೆ ಸಣ್ಣ ಮರಳು ಕಾಗದ ಸುತ್ತಿ ತಿರುವಿದೆ. ರಿಮ್‌ನ ಹಿಂಬದಿಯಲ್ಲಿ ಸ್ಪೇಸರ್ ಕೂರುವ ಜಾಗದ ಪೇಂಟನ್ನೂ ತೆಗೆದೆ. ಕೈಯಿಂದ ಸ್ಪೇಸರ್ ಇಟ್ಟು ಮೂಲೆ ಮೂಲೆ ಒತ್ತಿದರೆ ಅಲುಗಬಾರದು.

ಇನ್ನೊಂದು ಪರೀಕ್ಷೆ ಮರೆಯಬೇಡಿ. ನನ್ನ ಹಬ್‌ನ ಸ್ಟಡ್ 31 ಮಿ.ಮೀ. ಉದ್ದ, ಸ್ಪೇಸರ್ 25. ಅಂದರೆ 6 ಮಿ.ಮೀ. ಹೊರಗೆ ಚಾಚುತ್ತದೆ. ರಿಮ್‌ನ ಹಿಂದೆ ಅದಕ್ಕೆ ಗುಂಡಿ ಇರಲೇಬೇಕು. ಇಲ್ಲದಿದ್ದರೆ ಚಕ್ರ ಸ್ಟಡ್ ತುದಿಗಳ ಮೇಲೆ ನಿಲ್ಲುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನಾನು ಗುಂಡಿಗಳಲ್ಲಿ ಮಕ್ಕಳಾಡುವ ಬಣ್ಣದ ಮಣ್ಣು ತುಂಬಿ, ಚಕ್ರ ಒತ್ತಿ ತೆಗೆದೆ. ತುದಿ ಎಲ್ಲಿವರೆಗೆ ಬಂದಿದೆ ಅಂತ ಅಚ್ಚು ಮೂಡಿತ್ತು. ತಳದಲ್ಲಿ ಇನ್ನೂ 4 ಮಿ.ಮೀ. ಮಣ್ಣು ಉಳಿದಿತ್ತು.

ಬಿಗಿಯುವಾಗ ಇಂಪ್ಯಾಕ್ಟ್ ಗನ್ ಮುಟ್ಟಲಿಲ್ಲ. ಹಬ್ ತಿರುಗದ ಹಾಗೆ ಒಬ್ಬರು ಬ್ರೇಕ್ ಒತ್ತಿ ಹಿಡಿದರು. ಟಾರ್ಕ್ ರೆಂಚ್‌ನಲ್ಲಿ ಎದುರುಬದುರು ನಟ್‌ಗಳನ್ನು ಮೊದಲು 40, ಆಮೇಲೆ 75, ಕೊನೆಗೆ 110. ಇದು ನನ್ನ ಗಾಡಿಯ ಲೆಕ್ಕ. ಎಂ14 ಸ್ಟಡ್ ಇದ್ದರೆ ಅಂಕಿ ಬೇರೆ, ನಿಮ್ಮ ಗಾಡಿಯ ಪುಸ್ತಕ ನೋಡಿ. ಮರೆಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ಅದೇ ಟಾರ್ಕ್‌ಗೆ ಸ್ಟಡ್ ಅಗತ್ಯಕ್ಕಿಂತ ಜಾಸ್ತಿ ಎಳೆದುಕೊಳ್ಳುತ್ತದೆ. ನಟ್‌ನ ತಳವನ್ನೂ ನೋಡಿ. ಕೋನ್ ಆಕಾರದ ಕುಳಿಗೆ ಕೋನ್ ನಟ್, ಚಪ್ಪಟೆ ಕುಳಿಗೆ ವಾಷರ್ ಇರುವ ನಟ್. ಅದಲು ಬದಲಾದರೆ ಟಾರ್ಕ್ ತೋರಿಸುತ್ತದೆ, ಹಿಡಿತ ಇರುವುದಿಲ್ಲ. ಇಳಿಸಿದ ಮೇಲೆ ಎರಡೂ ಕಡೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಭಾರ ಹಾಕಿಯೂ ನೋಡಿದೆ. ಎಲ್ಲೂ ತಾಗಲಿಲ್ಲ. ಕೆಲವು ದೇಶಗಳಲ್ಲಿ ಸ್ಪೇಸರ್‌ಗೆ ಅನುಮತಿ ಬೇಕು. ಅದನ್ನೂ, ವಿಮೆಯ ಷರತ್ತನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಒಳಗಿನ ನಟ್‌ಗಳನ್ನು ನೋಡಬೇಕಾದರೆ ಚಕ್ರ ಬಿಚ್ಚಲೇಬೇಕು. ಬೇರೆ ದಾರಿ ಇಲ್ಲ. ಹಾಗಾಗಿ ಬಿಗಿದ ಮೇಲೆ ಪ್ರತಿ ನಟ್‌ನಿಂದ ಸ್ಪೇಸರ್‌ಗೆ ಪೇಂಟ್ ಪೆನ್ನಲ್ಲಿ ಒಂದು ಗೆರೆ ಎಳೆದೆ. 80 ಕಿಲೋಮೀಟರ್ ಆದಮೇಲೆ ಬಿಚ್ಚಿದೆ. ಒಂದು ನಟ್‌ನ ಗೆರೆ ಎದುರಿನ ಗೆರೆಯಿಂದ ಕೂದಲೆಳೆಯಷ್ಟು ಸರಿದಿತ್ತು. ಆರಕ್ಕೂ ಮತ್ತೆ ಟಾರ್ಕ್ ಕೊಟ್ಟು ಹೊಸ ಗೆರೆ ಎಳೆದೆ. 500 ಕಿಲೋಮೀಟರ್‌ಗೆ ಇನ್ನೊಮ್ಮೆ ಬಿಚ್ಚಿದೆ. ಈಗ ಪ್ರತಿ ಸಲ ಟೈರ್ ಅದಲು ಬದಲು ಮಾಡುವಾಗ ಬಿಚ್ಚುತ್ತೇನೆ. ಕಳೆದ ಸಲ ನಾಲ್ಕೂ ಚಕ್ರಗಳ ಇಪ್ಪತ್ತನಾಲ್ಕು ಗೆರೆಗಳೂ ಎಳೆದಲ್ಲೇ ಇದ್ದವು.