ಹೋಮ್‌ವರ್ಕ್‌ಗೆ ಕೂರುವ ಮುಂಚೆ ಬಕೆಟ್ ಹೊರುವ ಕೆಲಸ

ನನ್ನ ಮಗ ಕೂತರೆ ಕುರ್ಚಿಯೂ ಅಲ್ಲಾಡುತ್ತದೆ, ಮೇಜೂ ಅಲ್ಲಾಡುತ್ತದೆ. ಅಂಗಿಯ ಕಾಲರ್ ಕಚ್ಚುತ್ತಾನೆ. ಮಿಕ್ಸಿ ಸದ್ದು ಬಂದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. "ಸುಮ್ನೆ ಕೂತ್ಕೋ" ಅಂದರೆ ಉಪಯೋಗವಿಲ್ಲ. ಅವನ ಮೈಗೆ ಏನೋ ಬೇಕಾಗಿದೆ, ಸಿಗುವ ತನಕ ಅದು ಹುಡುಕುತ್ತಲೇ ಇರುತ್ತದೆ. ಹಾಗಾಗಿ ನಾವು ಮಾಡುವುದು ಇಷ್ಟೇ, ಹುಡುಕಾಟ ಶುರುವಾಗುವ ಮುಂಚೆಯೇ ಕೊಟ್ಟುಬಿಡುವುದು.

ಐದು ಇಂದ್ರಿಯಗಳು ಎಲ್ಲರಿಗೂ ಗೊತ್ತು. ಅವಲ್ಲದೆ ಮಾಂಸಖಂಡ ಮತ್ತು ಕೀಲುಗಳಿಂದ ಮಿದುಳಿಗೆ ಸುದ್ದಿ ಹೋಗುತ್ತಿರುತ್ತದೆ, ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕುತ್ತಿದೆ ಅಂತ. ಒಳಕಿವಿಯಿಂದ ಚಲನೆ ಮತ್ತು ಸಮತೋಲನದ ಸುದ್ದಿ. ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ) ಎ. ಜೀನ್ ಏಯರ್ಸ್ 1960–70ರ ದಶಕಗಳಲ್ಲಿ ಬೆಳೆಸಿದ ಸೆನ್ಸರಿ ಇಂಟಿಗ್ರೇಷನ್, ಅಂದರೆ ಇಂದ್ರಿಯಗಳಿಂದ ಬರುವ ಸುದ್ದಿಯನ್ನೆಲ್ಲ ಮಿದುಳು ಹೊಂದಿಸಿಕೊಳ್ಳುವ ವಿಚಾರದಲ್ಲಿ ಈ ಎರಡಕ್ಕೆ ದೊಡ್ಡ ಜಾಗವಿದೆ.

ನಮ್ಮಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಥೆರಪಿಸ್ಟ್‌ಗಳು ಹೆವಿ ವರ್ಕ್ ಅನ್ನುವುದು. ಅಂದರೆ ಮಾಂಸಖಂಡ, ಕೀಲುಗಳು ಬಲ ಹಾಕಬೇಕಾದ ಕೆಲಸ: ತಳ್ಳುವುದು, ಎಳೆಯುವುದು, ಎತ್ತುವುದು, ಹಿಂಡುವುದು, ಅಗಿಯುವುದು. ಇದಕ್ಕೆ ದುಬಾರಿ ಆಟಿಕೆ ಬೇಕಿಲ್ಲ, ಮನೆಕೆಲಸವೇ ಸಾಕು. ಶಾಲೆಯಿಂದ ಬಂದ ಮೇಲೆ ಅರ್ಧ ಬಕೆಟ್ ನೀರು ಹೊತ್ತು ಗಿಡಗಳಿಗೆ ಹಾಕುತ್ತಾನೆ, ಒದ್ದೆ ಬಟ್ಟೆ ಹಿಂಡುತ್ತಾನೆ, ಕೊನೆಗೆ ಎರಡೂ ಅಂಗೈ ಊರಿ ಗೋಡೆಯನ್ನು ತಳ್ಳಿ ಪುಸ್ತಕ ತೆಗೆಯುತ್ತಾನೆ. ಬಟ್ಟೆ ಹಿಂಡಿದ್ದು ನಿಜವಾದ ಕೆಲಸ, ಅದರಿಂದ ಮನೆಗೆ ಉಪಯೋಗವಾಯಿತು ಅನ್ನುವ ಖುಷಿಯೂ ಅವನಿಗಿದೆ, ಅದು ನನಗೆ ತುಂಬಾ ದೊಡ್ಡದು. ಓದುವಾಗ ಕುರ್ಚಿಯ ಮುಂದಿನ ಎರಡು ಕಾಲಿಗೆ ಅಗಲವಾದ ಎಲಾಸ್ಟಿಕ್ ಕಟ್ಟಿದ್ದೇವೆ, ಪಾದದಿಂದ ಅದನ್ನು ತಳ್ಳುತ್ತಿರುತ್ತಾನೆ. ಕುರ್ಚಿ ಅಲ್ಲಾಡುವುದು ಕಡಿಮೆಯಾಗಿದೆ. ಕಾಲರ್ ಕಚ್ಚುವ ಬದಲು ಸ್ಟ್ರಾ ಇರುವ ಬಾಟಲಿಯಿಂದ ನೀರು ಹೀರುತ್ತಾನೆ.

ಬೆಳಿಗ್ಗೆ ಇನ್ನೂ ಸುಲಭ. ಸ್ನಾನವಾದ ಮೇಲೆ ಟವೆಲ್‌ನಿಂದ ಒತ್ತಿ ಒರೆಸುತ್ತೇನೆ. ಮೆಲ್ಲಗೆ ಸವರಿದರೆ ಅವನಿಗೆ ಕಿರಿಕಿರಿ, ಗಟ್ಟಿಯಾಗಿ ಒತ್ತಿದರೆ ಹಿತ.

ಮಿಕ್ಸಿಯ ಸ್ವಿಚ್ ಈಗ ಅವನೇ ಹಾಕುತ್ತಾನೆ. ಯಾವಾಗ ಶುರು, ಯಾವಾಗ ನಿಲ್ಲುತ್ತದೆ ಅಂತ ತನಗೇ ಗೊತ್ತಿದ್ದರೆ ಸದ್ದು ತಡೆಯಬಹುದು, ಅಲ್ವಾ?

ಉಯ್ಯಾಲೆಯ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ನಿಧಾನವಾಗಿ, ಒಂದೇ ಲಯದಲ್ಲಿ ಹಿಂದೆ ಮುಂದೆ ತೂಗಿದರೆ ಸಾಮಾನ್ಯವಾಗಿ ಮಕ್ಕಳು ಶಾಂತರಾಗುತ್ತಾರೆ, ಗಿರಗಿರ ತಿರುಗಿಸಿದರೆ ಕೆರಳುತ್ತಾರೆ, ಅದು ಬೇಗ ಇಳಿಯುವುದೂ ಇಲ್ಲ. ಮುಖ ಬಿಳಿಚಿಕೊಂಡರೆ, ಬೆವರಿದರೆ, ವಾಕರಿಕೆ ಅಂದರೆ ತಕ್ಷಣ ನಿಲ್ಲಿಸಬೇಕು. ಸಂಜೆ ಮೇಲೆ ತಿರುಗುವ ಆಟ ನಮ್ಮ ಮನೆಯಲ್ಲಿಲ್ಲ.

ಬೆರಳಲ್ಲಿ ಹಿಡಿದು ತಿರುಗಿಸುವ ಆಟಿಕೆ ಫಿಜೆಟ್ ಸ್ಪಿನ್ನರ್ ನಮಗೆ ಆಗಲಿಲ್ಲ, ಕಣ್ಣು ಪೂರ್ತಿ ಅದರ ಮೇಲೇ ಇರುತ್ತದೆ. ನೋಡದೆಯೇ ಹಿಸುಕಬಹುದಾದ ಮೆತ್ತನೆಯ ಚೆಂಡು ಅದಕ್ಕಿಂತ ಎಷ್ಟೋ ವಾಸಿ. ಒಳಗೆ ತೂಕ ತುಂಬಿದ ಭಾರದ ಕಂಬಳಿ ಬಗ್ಗೆ ತುಂಬಾ ಜನ ಕೇಳುತ್ತಾರೆ. ಆಟಿಸಂ ಇರುವ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆ ಕಂಬಳಿಯಿಂದ ನಿದ್ದೆ ಜಾಸ್ತಿಯಾಗಲಿಲ್ಲ, ಆದರೂ ಮಕ್ಕಳಿಗೂ ಪೋಷಕರಿಗೂ ಅದು ಇಷ್ಟವಾಯಿತು. ಕೊಡುವುದಾದರೆ ಥೆರಪಿಸ್ಟ್ ಹತ್ತಿರ ಕೇಳಿಯೇ ಕೊಡಿ. ಮಗು ತಾನೇ ಅದನ್ನು ತೆಗೆದುಹಾಕುವಂತಿರಬೇಕು, ಮುಖದ ಮೇಲೆ ಬರಬಾರದು. ಎಳೆ ಕೂಸುಗಳಿಗೆ ಬೇಡವೇ ಬೇಡ.

ಇನ್ನೊಂದು ಮಾತು. ಮಗು ಆಗಲೇ ಕೈಮೀರಿ ಅಳುತ್ತಿದ್ದರೆ ಇದ್ಯಾವುದೂ ಕೆಲಸ ಮಾಡುವುದಿಲ್ಲ. ಆಗ ನಾನು ದೀಪ ಕಡಿಮೆ ಮಾಡಿ, ಟಿವಿ ಆರಿಸಿ, ಮಾತಾಡದೆ ಪಕ್ಕದಲ್ಲಿ ಕೂರುತ್ತೇನೆ. ಹಟ ಮಾಡಿದ ಅಂತ ಉಯ್ಯಾಲೆಯನ್ನೋ ಚೆಂಡನ್ನೋ ಶಿಕ್ಷೆಯಾಗಿ ಕಿತ್ತುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ಅವನಿಗೆ ಅದು ಬೇಕಾಗುವುದೇ ಅಂಥ ದಿನ.

ಅಮೆರಿಕದ ಮಕ್ಕಳ ವೈದ್ಯರ ಸಂಘ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2012ರಲ್ಲಿ, ಇಂಥ ಸೆನ್ಸರಿ ಥೆರಪಿಗಳ ಪರಿಣಾಮದ ಬಗ್ಗೆ ಪುರಾವೆ ಸೀಮಿತ ಅಂತಲೇ ಹೇಳಿತ್ತು. ಅದಕ್ಕೇ ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ: ಏನು ಮಾಡಿದೆವು, ಯಾವಾಗ, ಆಮೇಲೆ ಎಷ್ಟು ಹೊತ್ತು ಕೂತ. ಒಂದು ಸಲಕ್ಕೆ ಒಂದೇ ಬದಲಾವಣೆ. ಆ ಪುಸ್ತಕ ನೋಡಿದ ಮೇಲೆ ಅವನ ಟೀಚರ್ ಗಣಿತದ ಪೀರಿಯಡ್‌ಗೆ ಮುಂಚೆ ತರಗತಿಯ ನೋಟ್‌ಬುಕ್‌ಗಳ ಕಟ್ಟನ್ನು ಸ್ಟಾಫ್ ರೂಮಿನಿಂದ ಹೊತ್ತು ತರುವ ಕೆಲಸ ಇವನಿಗೇ ಕೊಡುತ್ತಿದ್ದಾರೆ.